ರೋಷವು ರಕ್ತದಲ್ಲಿದೆಯೇ? ಹಾಸನ ಸೀಮೆಯ ಕಲ್ಲುಗಳು ಹೇಳುವುದೇನು

ಹೊಳೆನರಸೀಪುರದ ಸಂತೆಯಲ್ಲಾಗಲಿ ಅರಕಲಗೂಡಿನ ಬಸ್ ನಿಲ್ದಾಣದಲ್ಲಾಗಲಿ ಇಬ್ಬರು ತರುಣರು ಮಾತಿಗೆ ಮಾತು ಬೆಳೆಸಿ ಕೈಮಾಡಿದರೆಂದರೆ, ಅವರನ್ನು ಬಿಡಿಸಿ ಕಳುಹಿಸಿದ ಮೇಲೆ ನೆರೆದ ಹಿರಿಯರಲ್ಲಿ ಎರಡು ಮಾತುಗಳು ತಪ್ಪದೆ ಕೇಳಿಬರುತ್ತವೆ. "ಅವನ ಅಪ್ಪನೂ ಹೀಗೆಯೇ ಇದ್ದ, ರಕ್ತದಲ್ಲಿ ಬಂದದ್ದು ಎಲ್ಲಿಗೆ ಹೋದೀತು" ಎಂಬುದು ಒಂದು. "ಪ್ರಾಯದ ಬಿಸಿ, ಮದುವೆಯಾಗಿ ನಾಲ್ಕು ವರ್ಷ ಕಳೆದರೆ ತಾನಾಗಿ ಇಳಿಯುತ್ತದೆ" ಎಂಬುದು ಇನ್ನೊಂದು. ಇಂದಿನ ವಿಜ್ಞಾನವು ವಂಶವಾಹಿಗಳೆಂದೂ ಹಾರ್ಮೋನುಗಳೆಂದೂ ಹೆಸರಿಟ್ಟು ಶೋಧಿಸುತ್ತಿರುವ ವಿಷಯವನ್ನೇ ನಮ್ಮ ಹಳ್ಳಿಯ ಹಿರಿಯರು ತಮ್ಮ ಅನುಭವದಿಂದ ಈ ಎರಡು ಮಾತುಗಳಲ್ಲಿ ಅಡಕಗೊಳಿಸಿರುವರು. ಎರಡರಲ್ಲಿಯೂ ಒಂದಷ್ಟು ನಿಜವಿದೆ. ಆದರೆ ಮೊದಲನೆಯ ಮಾತನ್ನು ಒಬ್ಬ ತರುಣನ ಮೇಲಿನಿಂದ ತೆಗೆದು ಒಂದು ಕುಲದ ಮೇಲೆ ಹೊರಿಸಿದಾಗ ಎಂತಹ ಅನ್ಯಾಯ ನಡೆಯಿತೆಂಬುದಕ್ಕೆ ಚರಿತ್ರೆಯೇ ಸಾಕ್ಷಿಯಾಗಿದೆ. ಆದುದರಿಂದ ಈ ಪ್ರಶ್ನೆಯನ್ನು ಪ್ರಯೋಗಶಾಲೆಗೆ ಒಪ್ಪಿಸಿ ಸುಮ್ಮನಾಗುವ ಮೊದಲು ನಮ್ಮ ಸೀಮೆಯ ಕಲ್ಲುಗಳನ್ನೊಮ್ಮೆ ಕೇಳಿನೋಡುವುದು ಉಚಿತವೆಂದು ತೋರುತ್ತದೆ.

ಕನ್ನಡ ಭಾಷೆಯ ಅತ್ಯಂತ ಹಳೆಯ ಶಾಸನಗಳಲ್ಲಿ ಒಂದೆಂದು ಮಾನ್ಯವಾದ ಹಲ್ಮಿಡಿಯ ಶಾಸನ ದೊರೆತದ್ದು ಈ ಜಿಲ್ಲೆಯಲ್ಲಿಯೇ, ಬೇಲೂರು ತಾಲೂಕಿನಲ್ಲಿ. 1936ರಲ್ಲಿ ಡಾ. ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದ, ಸುಮಾರು ಕ್ರಿ. ಶ. 450ರದೆಂದು ಎಣಿಸಲಾದ ಆ ಶಾಸನದ ವಿಷಯವೇನು? ಯುದ್ಧದಲ್ಲಿ ಪರಾಕ್ರಮ ತೋರಿದ ವಿಜ ಅರಸನೆಂಬುವನಿಗೆ ಪಲ್ಮಿಡಿ ಮತ್ತು ಮೂಳಿವಳ್ಳಿ ಎಂಬ ಊರುಗಳನ್ನು 'ಬಾಳ್ಗಳ್ಚು' ಆಗಿ ಕೊಟ್ಟುದು. ಬಾಳ್ಗಳ್ಚು ಎಂದರೆ ಕತ್ತಿಯನ್ನು ತೊಳೆಯುವುದು. ರಣದಿಂದ ಮರಳಿದವನ ಖಡ್ಗದ ನೆತ್ತರನ್ನು ತೊಳೆದು ನೀಡುವ ಮರ್ಯಾದೆ. ನಮ್ಮ ನುಡಿಯ ಮೊದಲ ಬರಹಗಳಲ್ಲೊಂದು ಒಬ್ಬ ಯೋಧನ ಕತ್ತಿಗೆ ಸಂದ ಬಹುಮಾನದ ದಾಖಲೆ ಎಂಬುದನ್ನು ನೆನೆದಾಗ ಹೆಮ್ಮೆಯೊಡನೆ ಸಣ್ಣದೊಂದು ಕಸಿವಿಸಿಯೂ ಆಗದಿರದು.

ಅಲ್ಲಿಂದ ಮುಂದೆ ಸಾವಿರ ವರ್ಷಗಳ ಕಾಲ ಈ ನೆಲದಲ್ಲಿ ವೀರಗಲ್ಲುಗಳು ನಿಂತವು. ಚನ್ನರಾಯಪಟ್ಟಣ, ಹಾಸನ, ಅರಕಲಗೂಡು, ಹೊಳೆನರಸೀಪುರ ಸೀಮೆಯ ಕೆರೆಯ ಏರಿಗಳ ಮೇಲೆ, ಈಶ್ವರನ ಗುಡಿಗಳ ಅಂಗಳದಲ್ಲಿ, ಹೊಲದ ಬದುಗಳಲ್ಲಿ ಅವು ಇಂದಿಗೂ ಕಾಣಸಿಗುತ್ತವೆ. ಕೆಳಗಣ ಪಟ್ಟಿಕೆಯಲ್ಲಿ ಕಾಳಗ, ನಡುವಣದರಲ್ಲಿ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲಣದರಲ್ಲಿ ಲಿಂಗದ ಮುಂದೆ ಕುಳಿತ ಅದೇ ವೀರ. ಅವುಗಳ ಮೇಲಣ ಬರಹಗಳಲ್ಲಿ ತುರುಗೋಳು, ಊರಳಿವು, ಪೆಣ್ಬುಯ್ಯಲ್ ಎಂಬ ಮಾತುಗಳು ಮತ್ತೆ ಮತ್ತೆ ಬರುತ್ತವೆ. ದನಗಳನ್ನು ಹೊಡೆದುಕೊಂಡು ಹೋದಾಗ, ಊರಿಗೆ ಮುತ್ತಿಗೆ ಬಿದ್ದಾಗ, ಹೆಣ್ಣುಮಕ್ಕಳ ಮೊರೆ ಕೇಳಿದಾಗ ಸತ್ತವರಿವರು. ಕಲ್ಲಿನಲ್ಲಿ ಕೆತ್ತಿದ ಆ ದೇಹಗಳು ಬಹುಮಟ್ಟಿಗೆ ತುಂಬು ಹರೆಯದವು ಎಂಬುದನ್ನೂ ಗಮನಿಸಬೇಕು.

ಹೀಗೆ ಸತ್ತವನ ಮನೆಯವರಿಗೆ ಸಲ್ಲುತ್ತಿದ್ದ ಭೂಮಿಗೆ 'ನೆತ್ತರುಗೊಡಗೆ' ಎಂದು ಹೆಸರು. ಇಲ್ಲಿ ನೆತ್ತರೆಂಬುದು ತಂದೆಯಿಂದ ಬಂದ ನೆತ್ತರಲ್ಲ, ತಾನು ಚೆಲ್ಲಿದ ನೆತ್ತರು. ಹುಟ್ಟಿನ ರಕ್ತಕ್ಕೂ ಚೆಲ್ಲಿದ ರಕ್ತಕ್ಕೂ ಇರುವ ಈ ಅಂತರವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ. ಈ ಲೇಖನದ ಹುರುಳೆಲ್ಲ ಅದರಲ್ಲಿಯೇ ಇದೆ.

"ಆದರೂ ಕೆಲವು ಮನೆತನಗಳಲ್ಲಿ ತಲೆಮಾರು ತಲೆಮಾರಾಗಿ ವೀರರೇ ಹುಟ್ಟಿದರಲ್ಲ?" ಎಂದು ಯಾರಾದರೂ ಕೇಳಬಹುದು. ಕೇಳತಕ್ಕ ಪ್ರಶ್ನೆಯೇ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿ ಗರುಡಸ್ತಂಭವೊಂದಿದೆ. ಎರಡನೆಯ ವೀರಬಲ್ಲಾಳನ ದಂಡನಾಯಕನಾಗಿದ್ದ ಕುವರ ಲಕ್ಷ್ಮನೂ ಅವನ ಮಡದಿ ಸುಗ್ಗಲದೇವಿಯೂ ಅವರ ಸಂಗಡಿಗರೂ ದೊರೆ ತೀರಿಕೊಂಡಾಗ, ಅಂದರೆ ಸುಮಾರು 1220ರಲ್ಲಿ, ಕೊಟ್ಟ ಭಾಷೆಯಂತೆ ಪ್ರಾಣತ್ಯಾಗ ಮಾಡಿದುದರ ಸ್ಮಾರಕವದು. ಕಂಬದ ಮೇಲೆ ತಮ್ಮ ತಲೆಯನ್ನು ತಾವೇ ಕತ್ತರಿಸಿಕೊಳ್ಳುತ್ತಿರುವ ವೀರರ ಉಬ್ಬುಶಿಲ್ಪಗಳಿವೆ. ನೋಡಿದರೆ ಮೈ ಜುಮ್ಮೆನ್ನುತ್ತದೆ. ಚನ್ನರಾಯಪಟ್ಟಣಕ್ಕೆ ನೆರೆಯ ಕೃಷ್ಣರಾಜಪೇಟೆ ತಾಲೂಕಿನ ಅಗ್ರಹಾರ ಬಾಚಹಳ್ಳಿಯಲ್ಲಿರುವ ಕಂಬಗಳು ಇನ್ನೂ ಹೆಚ್ಚಿನದನ್ನು ಹೇಳುತ್ತವೆ. ಅಲ್ಲಿಯ ಒಂದು ಗರುಡ ಮನೆತನವು ಹೊಯ್ಸಳ ದೊರೆಗಳ ಜೊತೆಗೆ ತಲೆಮಾರಿನಿಂದ ತಲೆಮಾರಿಗೆ ಹೀಗೆ ಪ್ರಾಣವೊಪ್ಪಿಸುತ್ತ ಬಂದಿತು. ಮೇಲುನೋಟಕ್ಕೆ ಇದು ರಕ್ತದಲ್ಲಿ ಹರಿದುಬಂದ ಉಗ್ರತೆಯೆಂದೇ ತೋರುವುದು. ಆದರೆ ಅದೇ ಶಾಸನಗಳು ಇನ್ನೊಂದು ಸಂಗತಿಯನ್ನು ಹೇಳುತ್ತವೆ: ಆ ಗರುಡರೊಡನೆ ಅವರ ಹೆಂಡತಿಯರೂ ಸೇವಕರೂ ಸೇವಕಿಯರೂ ಮಡಿದರು. ಹೆಂಡತಿ ಬೇರೆ ಮನೆಯಿಂದ ಬಂದವಳು. ಸೇವಕರ ಕುಲವೇ ಬೇರೆ. ಅವರ ಮೈಯಲ್ಲಿ ಗರುಡ ವಂಶದ ರಕ್ತ ಒಂದು ತೊಟ್ಟೂ ಇರಲಿಲ್ಲ. ಹಾಗಾದರೆ ತಂದೆಯಿಂದ ಮಗನಿಗೂ, ಒಡೆಯನಿಂದ ಆಳಿಗೂ ಸಮಾನವಾಗಿ ದಾಟಿದುದು ಯಾವುದು? ಕೊಟ್ಟ ಭಾಷೆ, ಉಂಡ ಅನ್ನದ ಋಣ, ಭಾಷೆಗೆ ತಪ್ಪಿದರೆ ಬಾಳಲಾಗದೆಂಬ ಲೋಕದ ಕಣ್ಣು. ಕುಟುಂಬದಲ್ಲಿ ಹರಿದುಬಂದುದೆಲ್ಲವೂ ರಕ್ತದಲ್ಲಿ ಹರಿದುಬಂದುದಲ್ಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿಯನ್ನು ನಾನು ಕಾಣೆ.

ಇದಕ್ಕೆ ಪ್ರತಿಯಾದ ನಿದರ್ಶನ ಚನ್ನರಾಯಪಟ್ಟಣ ತಾಲೂಕಿನ ಶ್ರವಣಬೆಳಗೊಳದಲ್ಲಿದೆ. ಚಿಕ್ಕಬೆಟ್ಟದ ಮೇಲಣ ಕಂಬದ ಶಾಸನವು ಗಂಗರ ಎರಡನೆಯ ಮಾರಸಿಂಹನ ಯುದ್ಧಗಳನ್ನು ಉದ್ದಕ್ಕೂ ಹೊಗಳುತ್ತದೆ. ನೊಳಂಬರನ್ನು ನಿರ್ಮೂಲ ಮಾಡಿದುದಕ್ಕಾಗಿ 'ನೊಳಂಬಕುಲಾಂತಕ' ಎಂಬ ಬಿರುದನ್ನು ಧರಿಸಿದವನವನು. ಒಂದು ಕುಲಕ್ಕೆ ಅಂತಕನಾದುದನ್ನೇ ಬಿರುದಾಗಿ ಹೊತ್ತವನು ರಾಜ್ಯವನ್ನು ತೊರೆದು, ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಮೂರು ದಿನಗಳ ಉಪವಾಸದಿಂದ ದೇಹವನ್ನು ಬಿಟ್ಟನು. ಅವನ ನೆರವಿನಿಂದ ರಾಷ್ಟ್ರಕೂಟ ಸಿಂಹಾಸನಕ್ಕೆ ಹಕ್ಕುದಾರನಾಗಿ ನಿಂತಿದ್ದ ನಾಲ್ಕನೆಯ ಇಂದ್ರನು ಚೆಂಡಾಟದಲ್ಲಿ ಅಸಮಾನನೆಂದು ಗಂಧವಾರಣ ಬಸದಿಯ ಕಂಬದ ಶಾಸನ ವರ್ಣಿಸುತ್ತದೆ; ಆತನೂ 982ರಲ್ಲಿ ಬೆಳಗೊಳದಲ್ಲಿ ಸಲ್ಲೇಖನ ವ್ರತ ಹಿಡಿದನು. ಇನ್ನು ಚಾವುಂಡರಾಯನ ಸಂಗತಿ ಎಲ್ಲರಿಗೂ ವಿದಿತವೇ. ಸಮರಧುರಂಧರ, ರಣರಂಗಸಿಂಗ, ಸಮರಪರಶುರಾಮ ಎಂದು ಒಂದೊಂದು ಕಾಳಗಕ್ಕೊಂದು ಬಿರುದು ಪಡೆದ ಸೇನಾನಿಯು ಸುಮಾರು 981ರಲ್ಲಿ ದೊಡ್ಡಬೆಟ್ಟದ ಮೇಲೆ ಕಂಡರಿಸಿದುದು ಯಾರ ಮೂರ್ತಿಯನ್ನು? ಅಣ್ಣನನ್ನು ಮಲ್ಲಯುದ್ಧದಲ್ಲಿ ಮೇಲಕ್ಕೆತ್ತಿ, ಅಪ್ಪಳಿಸಬೇಕಾದ ಕ್ಷಣದಲ್ಲಿ ಮನಸ್ಸು ತಿರುಗಿ ಕೆಳಗಿಳಿಸಿದ ಬಾಹುಬಲಿಯನ್ನು. 58 ಅಡಿಗಳ ಆ ವಿಗ್ರಹದಲ್ಲಿ ತೋಳ್ಬಲಕ್ಕೇನೂ ಕೊರತೆಯಿಲ್ಲ. ಬಲವಿದ್ದೂ ಕೈ ತಡೆದವನ ಮೂರ್ತಿಯದು. ಮಾರಸಿಂಹನ ರಕ್ತ ನೊಳಂಬರ ರಣದಲ್ಲಿ ಒಂದು, ಬಂಕಾಪುರದಲ್ಲಿ ಇನ್ನೊಂದು ಆಗಿರಲಿಲ್ಲ.

ಇಷ್ಟರಿಂದ ಹುಟ್ಟಿನ ಪಾಲು ಏನೂ ಇಲ್ಲವೆಂದು ಹೇಳಹೊರಟರೆ ಅದು ಸತ್ಯಕ್ಕೆ ಅಪಚಾರವಾದೀತು. ನಮ್ಮ ರೈತನನ್ನು ಕೇಳಿದರೆ ಅವನು ನಕ್ಕಾನು. ಬೂಕನಬೆಟ್ಟದ ದನಗಳ ಜಾತ್ರೆಗೆ ಹೋರಿ ಕೊಳ್ಳಲು ಬಂದವನು ಹಲ್ಲು, ಸುಳಿ, ಗೊರಸುಗಳನ್ನು ನೋಡಿ ಅಲ್ಲಿಗೇ ನಿಲ್ಲಿಸುವುದಿಲ್ಲ. ತಾಯಿ ಯಾವುದು, ತಂದೆ ಯಾವುದು, ಯಾವ ಕಾವಲಿನ ತಳಿ ಎಂದು ವಿಚಾರಿಸುತ್ತಾನೆ. ಚಿಕ್ಕದೇವರಾಜ ಒಡೆಯರು ಬೆಣ್ಣೆ ಚಾವಡಿಯೆಂದು ವ್ಯವಸ್ಥೆಗೊಳಿಸಿ, ಹೈದರನು ಸೇನೆಗೆ ಬಳಸಿ, ಟಿಪ್ಪು ಸುಲ್ತಾನನು ಅಮೃತಮಹಲ್ ಎಂದು ಹೆಸರಿಟ್ಟ ದನಗಳ ಶೀಘ್ರಗತಿಯೂ, ಪರಕೀಯರನ್ನು ಹತ್ತಿರ ಸೇರಿಸದ ಉಗ್ರತೆಯೂ ತಳಿಯಲ್ಲಿಯೇ ಬಂದವು; ಆಯ್ದು ಆಯ್ದು ಬೆಳೆಸಿದ ಗುಣಗಳವು. ಅಂತೆಯೇ ಹೋರಿಯ ಬೀಜ ಒಡೆಸಿ ಎತ್ತು ಮಾಡಿದರೆ ಅದರ ಹಾಯುವ ಚಾಳಿ ತಗ್ಗುವುದೆಂಬುದನ್ನು ನಮ್ಮವರು ಎಷ್ಟು ಸಾವಿರ ವರ್ಷಗಳಿಂದ ಅರಿತಿರುವರೋ ಹೇಳಲಾಗದು. ಜರ್ಮನಿಯ ಗಟ್ಟಿಂಗೆನ್ ನಗರದಲ್ಲಿ ಬರ್ತೋಲ್ಡ್ ಎಂಬ ವಿದ್ವಾಂಸನು 1849ರಲ್ಲಿ ಇದರ ಕಾರಣವನ್ನು ಹುಂಜಗಳಲ್ಲಿ ಪರೀಕ್ಷಿಸಿದನು. ಬೀಜ ತೆಗೆದ ಹುಂಜ ಕೂಗುವುದನ್ನೂ ಕಾದಾಡುವುದನ್ನೂ ಬಿಟ್ಟಿತು, ಅದರ ಜುಟ್ಟು ಮುದುಡಿತು. ಬೀಜವನ್ನು ಹೊಟ್ಟೆಯೊಳಗೆ ಬೇರೊಂದು ಕಡೆ ಕಸಿ ಮಾಡಿದಾಗ ಎಲ್ಲವೂ ಮರಳಿದವು. ನರಗಳ ಸಂಬಂಧವಿಲ್ಲದೆ ರಕ್ತದ ಮೂಲಕವೇ ಯಾವುದೋ ದ್ರವ್ಯವು ಮೈಯೆಲ್ಲ ಸಂಚರಿಸುತ್ತಿರಬೇಕೆಂದು ಅದರಿಂದ ತಿಳಿದುಬಂದಿತು. ಆ ದ್ರವ್ಯವನ್ನು 1935ರಲ್ಲಿ ಬೇರ್ಪಡಿಸಿ ಟೆಸ್ಟೋಸ್ಟಿರೋನ್ ಎಂದು ಕರೆದರು. ಬಾಲಕನು ತರುಣನಾಗುವಾಗ ಅವನ ದೇಹದಲ್ಲಿ ಇದರ ಪ್ರಮಾಣ ಹತ್ತಾರು ಪಟ್ಟು ಏರುತ್ತದೆ. ಇತ್ತ ಆವೇಗಕ್ಕೆ ಕಡಿವಾಣ ಹಾಕುವ ಮುಂಮೆದುಳಾದರೋ ಇಪ್ಪತ್ತೈದರ ಸುಮಾರಿಗೆ ಪೂರ್ಣ ಮಾಗುವುದು. ಎತ್ತು ಕಟ್ಟಿ ಆಯಿತು, ಮೂಗುದಾರ ಇನ್ನೂ ಹೊಸೆಯುತ್ತಿದೆ ಎಂಬ ಸ್ಥಿತಿ. ಹೊಡೆದಾಟಗಳಲ್ಲಿ ತರುಣರೇ ಮುಂದಾಗಿರುವುದು ಹಾಸನದಲ್ಲಿ ಮಾತ್ರವಲ್ಲ, ಲೆಕ್ಕವಿಟ್ಟ ಎಲ್ಲ ದೇಶಗಳಲ್ಲಿಯೂ ಹಾಗೆಯೇ. ಬೆಲ್ಜಿಯಂ ದೇಶದ ಕೆತಲೆ ಎಂಬ ಗಣಿತಜ್ಞನು 1831ರಷ್ಟು ಹಿಂದೆಯೇ ಇದನ್ನು ಅಂಕಿಗಳಿಂದ ತೋರಿಸಿದ್ದನು.

ಆದರೆ ಮನುಷ್ಯನು ಹುಂಜವಲ್ಲ. ತರುಣರಲ್ಲಿ ಈ ದ್ರವ್ಯದ ಪ್ರಮಾಣವನ್ನು ಅಳೆದು ಅವರ ಜಗಳಗಂಟತನದೊಡನೆ ಹೋಲಿಸಿದ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ ಕಂಡುಬಂದ ಸಂಬಂಧ ತೀರ ದುರ್ಬಲವಾದುದು. ಅಷ್ಟೇ ಅಲ್ಲ, ಅನೇಕ ವೇಳೆ ಕಾರಣವೆಂದು ಭಾವಿಸಿದುದು ಕಾರ್ಯವಾಗಿರುತ್ತದೆ. ಟೆನಿಸ್ ಆಡಿ ಗೆದ್ದವರಲ್ಲಿ, ಕುಳಿತಲ್ಲಿಂದ ಏಳದೆ ಚದುರಂಗವಾಡಿ ಗೆದ್ದವರಲ್ಲಿ ಕೂಡ ಗೆಲುವಿನ ನಂತರ ಇದರ ಪ್ರಮಾಣ ಏರಿದುದನ್ನು ವಿಜ್ಞಾನಿಗಳು ಕಂಡಿದ್ದಾರೆ. ಹಕ್ಕಿಗಳನ್ನು ಅಭ್ಯಸಿಸಿದ ವಿಂಗ್‌ಫೀಲ್ಡ್ ಮತ್ತು ಅವರ ಸಂಗಡಿಗರು 1990ರಲ್ಲಿ ಒಂದು ವಾದವನ್ನು ಮುಂದಿಟ್ಟರು: ಎದುರಾಳಿ ಸವಾಲು ಹಾಕಿದಾಗ ಹಾರ್ಮೋನು ಏರುತ್ತದೆ, ಸವಾಲಿಲ್ಲದ ಕಡೆ ಸುಮ್ಮನಿರುತ್ತದೆ. ಹಿಂದೆ ನಮ್ಮ ಊರುಗಳಲ್ಲಿ ಗರಡಿಮನೆಗಳಿದ್ದವು. ಮಟ್ಟಿಯ ಮೇಲೆ ಇಳಿದವನ ಮೈಯಲ್ಲಿಯೂ ಇದೇ ದ್ರವ್ಯ ಉಕ್ಕುತ್ತಿದ್ದಿರಬೇಕು. ಆದರೆ ಅಲ್ಲಿ ಹನುಮಂತನ ಪಟಕ್ಕೆ ಕೈಮುಗಿಯದೆ, ಉಸ್ತಾದರ ಅಪ್ಪಣೆಯಿಲ್ಲದೆ ಪಟ್ಟು ಹಾಕುವಂತಿರಲಿಲ್ಲ, ಗೆದ್ದವನು ಸೋತವನನ್ನು ಎಬ್ಬಿಸದೆ ಹೊರಡುವಂತಿರಲಿಲ್ಲ. ಸವಾಲು ಅದೇ. ಅದಕ್ಕೆ ಒಡ್ಡು ಕಟ್ಟಿದವರು ಹಿರಿಯರು.

ಇನ್ನು ವಂಶವಾಹಿಗಳ ಮಾತು. ಅವಳಿಗಳನ್ನೂ ದತ್ತುಮಕ್ಕಳನ್ನೂ ಹೋಲಿಸಿ ನಡೆಸಿದ ಸಂಶೋಧನೆಗಳ ಪ್ರಕಾರ ಆಕ್ರಮಣಶೀಲತೆಯಲ್ಲಿ ಜನಜನರ ನಡುವೆ ಕಾಣುವ ವ್ಯತ್ಯಾಸದಲ್ಲಿ ಸುಮಾರು ಅರ್ಧದಷ್ಟು ಪಾಲು ಆನುವಂಶಿಕವಾದುದು. ಈ ಅರ್ಧವೆಂಬ ಮಾತನ್ನು ಬಹಳ ಜನ ತಪ್ಪಾಗಿ ತಿಳಿಯುತ್ತಾರೆ. ಒಂದೇ ಹೊಲದಲ್ಲಿ ಹಲವು ತಳಿಯ ರಾಗಿಯನ್ನು ಬಿತ್ತಿದರೆ ತೆನೆತೆನೆಗೆ ಕಾಣುವ ವ್ಯತ್ಯಾಸ ಬಹುಪಾಲು ಬೀಜದ್ದಾಗಿರುತ್ತದೆ, ಏಕೆಂದರೆ ನೆಲವೂ ನೀರೂ ಎಲ್ಲಕ್ಕೂ ಒಂದೇ. ಆದರೆ ಮಳೆ ಬಂದ ವರ್ಷದ ಬೆಳೆಗೂ ಬರಗಾಲದ ಬೆಳೆಗೂ ಇರುವ ವ್ಯತ್ಯಾಸಕ್ಕೆ ಬೀಜ ಕಾರಣವಲ್ಲ. ಒಬ್ಬನಿಗೂ ಇನ್ನೊಬ್ಬನಿಗೂ ಇರುವ ಭೇದವನ್ನು ವಂಶವಾಹಿಯಿಂದ ಸ್ವಲ್ಪಮಟ್ಟಿಗೆ ವಿವರಿಸಬಹುದು. ಒಂದು ಕಾಲಕ್ಕೂ ಇನ್ನೊಂದು ಕಾಲಕ್ಕೂ, ಒಂದು ಸಮುದಾಯಕ್ಕೂ ಇನ್ನೊಂದಕ್ಕೂ ಇರುವ ಭೇದವನ್ನು ಅದರಿಂದ ವಿವರಿಸಲಾಗದು.

ಈ ಮಾತಿಗೆ ನಮ್ಮ ನಾಲ್ಕು ತಾಲೂಕುಗಳ ಚರಿತ್ರೆಯೇ ಪ್ರಯೋಗಶಾಲೆ. ವಿಜಯನಗರದ ಇಳಿಗಾಲದಲ್ಲಿ ಹೊಳೆನರಸೀಪುರದಲ್ಲಿ ನಾಯಕರಿದ್ದರು. ಚನ್ನರಾಯಪಟ್ಟಣವೂ ಅವರ ಹಿಡಿತದಲ್ಲಿತ್ತು. ಅರಕಲಗೂಡಿನಲ್ಲಿ ಕೃಷ್ಣಪ್ಪನಾಯಕನ ಮನೆತನವಿತ್ತು. ಕೋಟೆ ಕೊತ್ತಲ, ಕಂದಾಚಾರದ ಆಳುಗಳು, ವರ್ಷ ವರ್ಷವೂ ದಂಡಿನ ಓಡಾಟ. ಹದಿನೇಳನೆಯ ಶತಮಾನದಲ್ಲಿ ಇವು ಒಂದೊಂದಾಗಿ ಮೈಸೂರು ಒಡೆಯರ ವಶವಾದವು. ಆ ಮೇಲೆಯೂ ಮರಾಠರ ದಾಳಿಗಳು, ಹೈದರ್ ಟಿಪ್ಪುಗಳ ಯುದ್ಧಗಳು ನಿಲ್ಲಲಿಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಿತು. ಬಲಂ ಸೀಮೆಯ ವೆಂಕಟಾದ್ರಿ ನಾಯಕನನ್ನು 1802ರಲ್ಲಿ ಬ್ರಿಟಿಷರು ಸೆರೆಹಿಡಿದು ಗಲ್ಲಿಗೇರಿಸಿದರು. ಅಲ್ಲಿಗೆ ಈ ಸೀಮೆಯ ಪಾಳೆಯಗಾರಿಕೆ ಮುಗಿಯಿತು. ಆ ಆಳುಗಳೂ ಬಂಟರೂ ಎಲ್ಲಿ ಹೋದರು? ಎಲ್ಲಿಗೂ ಹೋಗಲಿಲ್ಲ. ಅವರ ಮಕ್ಕಳು ಮೊಮ್ಮಕ್ಕಳು ಇಲ್ಲಿಯೇ ರಾಗಿ ಬೆಳೆದರು, ಚನ್ನರಾಯಪಟ್ಟಣದ ಕಡೆ ತೆಂಗಿನ ತೋಟ ಕಟ್ಟಿದರು, ಹಾಸನದಲ್ಲಿ ಆಲೂಗೆಡ್ಡೆ, ಅರಕಲಗೂಡಿನಲ್ಲಿ ಹೊಗೆಸೊಪ್ಪು ಹಾಕಿದರು, ಹೇಮಾವತಿಯ ನೀರು ಹಾಯಿಸಿ ಭತ್ತ ನೆಟ್ಟರು. ಆಗಿನಿಂದ ಈಗಿನವರೆಗೆ ಎಂಟೊಂಬತ್ತು ತಲೆಮಾರುಗಳು ಕಳೆದಿವೆ. ಒಂದು ಜನಸಮುದಾಯದ ವಂಶವಾಹಿಗಳು ಗಣನೀಯವಾಗಿ ಬದಲಾಗಲು ಇದು ಸಾಲದು. ಆದರೆ ತುರುಗೋಳು ಎಂಬ ಶಬ್ದದ ಅರ್ಥವನ್ನು ಇಂದು ನಿಘಂಟು ತೆರೆದು ನೋಡಬೇಕಾಗಿದೆ! ಇಂಗ್ಲೆಂಡಿನ ಕಥೆಯೂ ಇಂತಹದೇ: ಮಧ್ಯಯುಗದಲ್ಲಿ ವರ್ಷಕ್ಕೆ ಲಕ್ಷ ಜನರಿಗೆ ಸುಮಾರು ಇಪ್ಪತ್ತರಷ್ಟು ಕೊಲೆಗಳಾಗುತ್ತಿದ್ದ ನಾಡಿನಲ್ಲಿ ಇಪ್ಪತ್ತನೆಯ ಶತಮಾನದ ಹೊತ್ತಿಗೆ ಅದು ಒಂದರ ಆಸುಪಾಸಿಗೆ ಇಳಿದಿತ್ತು. ರಕ್ತ ಅದೇ. ರಾಜ್ಯದ ಕಟ್ಟಳೆ, ಕೆಲಸ, ಮರ್ಯಾದೆಯ ಕಲ್ಪನೆ ಬದಲಾದವು.

ಇಷ್ಟು ಸರಳವಾದ ವಿಷಯವನ್ನು ವಿದ್ಯಾವಂತರೇ ಮರೆತಾಗ ಏನಾಯಿತೆಂಬುದನ್ನು ಈಗ ನೋಡಬೇಕು. 1871ರಲ್ಲಿ ಬ್ರಿಟಿಷ್ ಸರ್ಕಾರವು ಅಪರಾಧಿ ಬುಡಕಟ್ಟುಗಳ ಕಾಯಿದೆಯನ್ನು ತಂದಿತು. ಈ ದೇಶದಲ್ಲಿ ನೇಯುವವನ ಮಗ ನೇಯುತ್ತಾನೆ, ಬಡಗಿಯ ಮಗ ಬಡಗಿಯಾಗುತ್ತಾನೆ, ಹಾಗೆಯೇ ಕಳ್ಳತನವೂ ಕೆಲವರ ಹುಟ್ಟುಕಸುಬು ಎಂಬುದು ಅದರ ಹಿಂದಿನ ತರ್ಕ. ಇಟಲಿಯ ಲೊಂಬ್ರೋಸೋ 'ಹುಟ್ಟು ಅಪರಾಧಿ'ಗಳ ತಲೆಬುರುಡೆಗಳ ಲಕ್ಷಣ ಹೇಳುವ ಗ್ರಂಥವನ್ನು ಪ್ರಕಟಿಸಿದುದು 1876ರಲ್ಲಿ; ನಮ್ಮಲ್ಲಿ ಅದಕ್ಕೆ ಮೊದಲೇ ಕಾನೂನು ಬಂದಿತ್ತು. ತಮಾಷೆಯೆಂದರೆ, ಅದಕ್ಕೂ ಹಿಂದೆ 1830ರ ದಶಕದಲ್ಲಿ ಠಗ್ಗರೆಂದು ಗಲ್ಲಿಗೇರಿಸಿದ ಏಳು ಮಂದಿಯ ತಲೆಬುರುಡೆಗಳನ್ನು ಸಾಗರ್ ಪಟ್ಟಣದಿಂದ ಎಡಿನ್‌ಬರೋ ನಗರಕ್ಕೆ ಕಳುಹಿಸಲಾಗಿತ್ತು. ಬುರುಡೆಯ ಉಬ್ಬುತಗ್ಗುಗಳಿಂದ ಸ್ವಭಾವ ಹೇಳುತ್ತಿದ್ದ ಅಲ್ಲಿಯ ಪಂಡಿತರು ಅಳೆದು ನೋಡಿದರೆ, ಹಿಂಸಾಪ್ರವೃತ್ತಿಯ ಉಬ್ಬು ಯಾವ ಬುರುಡೆಯಲ್ಲಿಯೂ ಮಿಗಿಲಾಗಿ ಕಾಣಲಿಲ್ಲ! ಬುರುಡೆ ಹೇಳಿದ ಸತ್ಯವನ್ನು ಕೇಳುವವರಿರಲಿಲ್ಲ.

1911ರ ತಿದ್ದುಪಡಿಯ ನಂತರ ಈ ಕಾಯಿದೆ ದಕ್ಷಿಣಕ್ಕೂ ವಿಸ್ತರಿಸಿತು. ನಮ್ಮಲ್ಲಿ ಕೊರಮ ಅಥವಾ ಕೊರಚರೆಂದು ಪರಿಚಿತರಾದ ಜನ ಮದರಾಸು ಪ್ರಾಂತದಲ್ಲಿ ಈ ಪಟ್ಟಿಗೆ ಸೇರಿದರು. ಅವರ ಹಿಂದಿನ ವೃತ್ತಿಯೇನು? ಕರಾವಳಿಯ ಉಪ್ಪನ್ನು ಹೇರೆತ್ತುಗಳ ಮೇಲೆ ಒಳನಾಡಿಗೆ ತಂದು, ಧಾನ್ಯಕ್ಕೆ ವಿನಿಮಯ ಮಾಡಿ, ಬುಟ್ಟಿ ಹೆಣೆದು, ಹಗ್ಗ ಹೊಸೆದು ಬದುಕುವುದು. ನಮ್ಮ ಘಟ್ಟದ ದಾರಿಗಳೂ ಇಂತಹ ಹೇರೆತ್ತುಗಳ ಗಂಟೆಯ ಸದ್ದನ್ನು ಕೇಳಿದವೇ. ಸರ್ಕಾರದ ಉಪ್ಪಿನ ನೀತಿ ಹಾಗೂ ರೈಲುಗಳು ಬಂದು ಹೇರೆತ್ತಿನ ವ್ಯಾಪಾರ ಮುರಿದುಬಿದ್ದಾಗ ಅಲೆಯುವ ಜನ ನಿರುದ್ಯೋಗಿಗಳಾದರು. ನಿರುದ್ಯೋಗಿಗಳಾಗಿ ಅಲೆಯುವುದೇ ಅವರ ಅಪರಾಧಕ್ಕೆ ಸಾಕ್ಷಿಯಾಯಿತು. ಮುಂಬಯಿ ಪ್ರಾಂತಕ್ಕೆ ಸೇರಿದ್ದ ವಿಜಾಪುರ, ಹುಬ್ಬಳ್ಳಿ, ಗದಗಗಳಲ್ಲಿ ಬೇರೆ ಬೇರೆ ಸಮುದಾಯಗಳನ್ನು ತಂದಿರಿಸಿದ ವಸಾಹತುಗಳು ಏರ್ಪಟ್ಟವು. ಹುಬ್ಬಳ್ಳಿಯಲ್ಲಿ ಆ ಬಡಾವಣೆಗೆ 'ಸೆಟ್ಲ್‌ಮೆಂಟ್' ಎಂಬ ಹೆಸರು ಇಂದಿಗೂ ಉಳಿದಿದೆ. ಕಾಯಿದೆಯ ಕೆಳಗೆ ಹಾಜರಿ ಕೊಡಬೇಕು, ಅಪ್ಪಣೆಯಿಲ್ಲದೆ ಊರು ಬಿಡಬಾರದು, ಮಕ್ಕಳನ್ನು ತಾಯಿತಂದೆಗಳಿಂದ ಬೇರ್ಪಡಿಸಿ ಇರಿಸಲೂ ಸರ್ಕಾರಕ್ಕೆ ಅಧಿಕಾರ. ಹುಟ್ಟಿದುದೇ ತಪ್ಪು.

ಇದೇ ಕೊರಮ ಸಮಾಜದವರು ತಮ್ಮ ಕುಲಗುರುವೆಂದು ಭಾವಿಸುವುದು ಹನ್ನೆರಡನೆಯ ಶತಮಾನದ ಶರಣ ನುಲಿಯ ಚಂದಯ್ಯನನ್ನು. ಹುಲ್ಲು ಕೊಯ್ದು ತಂದು, ಹಗ್ಗ ನುಲಿದು ಮಾರಿ, ಬಂದುದರಲ್ಲಿ ಜಂಗಮ ದಾಸೋಹ ನಡೆಸಿದವನು. ಧರಿಸಿದ ಲಿಂಗ ಜಾರಿದಾಗಲೂ ಕಾಯಕ ಬಿಡಲೊಲ್ಲದವನೆಂದು ಪುರಾಣಗಳು ಹೇಳುತ್ತವೆ. ಕನ್ನ ಹಾಕುವವನಾಗಿದ್ದು ಶರಣನಾದ ಕನ್ನದ ಮಾರಿತಂದೆಯೂ ಅದೇ ಅನುಭವ ಮಂಟಪದಲ್ಲಿ ಕುಳಿತವನು. ಕಲ್ಯಾಣದಲ್ಲಿ ಒಬ್ಬನ ಹುಟ್ಟನ್ನು ಕೇಳಲಿಲ್ಲ, ಕಾಯಕವನ್ನು ಕೇಳಿದರು. ಏಳುನೂರು ವರ್ಷಗಳ ಮೇಲೆ ಬಂದ ಸರ್ಕಾರ ಕಾಯಕವನ್ನು ಕಿತ್ತುಕೊಂಡು ಹುಟ್ಟನ್ನು ಕೇಳಿತು. ಸ್ವಾತಂತ್ರ್ಯ ಬಂದ ಮೇಲೆ 1952ರ ಆಗಸ್ಟ್ 31ರಂದು ಆ ಕಾಯಿದೆ ರದ್ದಾಯಿತಾದರೂ, ಅದರ ಜಾಗದಲ್ಲಿ ರೂಢಿಗತ ಅಪರಾಧಿಗಳ ಕಾನೂನುಗಳು ರಾಜ್ಯ ರಾಜ್ಯಗಳಲ್ಲಿ ಬಂದವು. ಸೆರೆಮನೆಗಳ ಕೈಪಿಡಿಗಳಲ್ಲಿ ಉಳಿದುಕೊಂಡಿದ್ದ ಜಾತಿಭೇದದ ನಿಯಮಗಳನ್ನು ಸರ್ವೋಚ್ಚ ನ್ಯಾಯಾಲಯವು ಅಸಿಂಧುವೆಂದು ಸಾರಿದುದು 2024ರ ಅಕ್ಟೋಬರ್ 3ರಂದು. ಎಪ್ಪತ್ತೆರಡು ವರ್ಷ!

ವಿಜ್ಞಾನವು ಇಂತಹ ತಪ್ಪು ಮಾಡದೆಂದು ನಂಬಿದ್ದವರಿಗೆ 1965ರಲ್ಲಿ ಒಂದು ಪಾಠವಾಯಿತು. ಗಂಡಸಿನ ಜೀವಕೋಶದಲ್ಲಿ ಒಂದು ಎಕ್ಸ್ ಮತ್ತು ಒಂದು ವೈ ವರ್ಣತಂತು ಇರುವುದು ಸಹಜ. ಸ್ಕಾಟ್‌ಲೆಂಡಿನ ಕಾರ್‌ಸ್ಟೇರ್ಸ್ ಎಂಬಲ್ಲಿಯ ಬಿಗಿ ಕಾವಲಿನ ಆಸ್ಪತ್ರೆಯಲ್ಲಿ ಪೆಟ್ರಿಶಿಯಾ ಜೇಕಬ್ಸ್ ಮತ್ತು ಸಹೋದ್ಯೋಗಿಗಳು 197 ಜನರನ್ನು ಪರೀಕ್ಷಿಸಿ, ಅವರಲ್ಲಿ ಏಳು ಮಂದಿಗೆ ಹೆಚ್ಚಿನ ವೈ ವರ್ಣತಂತು ಒಂದಿರುವುದನ್ನು ಕಂಡರು. ಪತ್ರಿಕೆಗಳು ಅದಕ್ಕೆ 'ಅಪರಾಧದ ವರ್ಣತಂತು' ಎಂದು ಹೆಸರಿಟ್ಟವು. ಅಮೆರಿಕದ ಚಿಕಾಗೋದಲ್ಲಿ 1966ರಲ್ಲಿ ಎಂಟು ದಾದಿಯರನ್ನು ಕೊಂದ ರಿಚರ್ಡ್ ಸ್ಪೆಕ್ ಎಂಬುವನಿಗೆ ಈ ವರ್ಣತಂತು ಇದೆಯೆಂದು ಸುದ್ದಿ ಹಬ್ಬಿತು, ಪರೀಕ್ಷಿಸಿದರೆ ಇರಲಿಲ್ಲ. 1976ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಹುಟ್ಟಿದ ಎತ್ತರದ ಗಂಡಸರು 4139 ಮಂದಿಯನ್ನು ಪರೀಕ್ಷಿಸಿದ ವರದಿ ಬಂದಿತು. ಅಂಥವರು ಹನ್ನೆರಡು ಮಂದಿ ಸಿಕ್ಕರು. ಅವರು ಹೆಚ್ಚು ಹಿಂಸಾಪರರೆಂಬುದಕ್ಕೆ ಆಧಾರ ದೊರೆಯಲಿಲ್ಲ. ಸಾವಿರ ಗಂಡುಮಕ್ಕಳಲ್ಲಿ ಒಬ್ಬನಿಗೆ ಹೀಗಿರುತ್ತದೆ. ಬಹುಪಾಲು ಜನರಿಗೆ ಅದು ತಿಳಿದೇ ಇರುವುದಿಲ್ಲ, ಎಲ್ಲರಂತೆ ಬಾಳುತ್ತಾರೆ.

1993ರಲ್ಲಿ ಇನ್ನೊಂದು ಶೋಧ. ಮೆದುಳಿನಲ್ಲಿ ಸಂದೇಶ ಒಯ್ಯುವ ದ್ರವ್ಯಗಳನ್ನು ಕರಗಿಸುವ ಎಂ. ಎ. ಓ. ಎ. ಎಂಬ ಕಿಣ್ವದ ವಂಶವಾಹಿ ಕೆಟ್ಟುಹೋಗಿದ್ದ ಒಂದು ಡಚ್ ಕುಟುಂಬದ ಗಂಡಸರಲ್ಲಿ ಹಠಾತ್ ಕ್ರೋಧ ಕಂಡುಬಂದಿತ್ತೆಂದು ಹಾನ್ ಬ್ರೂನರ್ ವರದಿ ಮಾಡಿದನು. ಇದು ಅತಿ ವಿರಳವಾದ ದೋಷ. ಈ ವಂಶವಾಹಿಯು ಇರುವುದು ಎಕ್ಸ್ ವರ್ಣತಂತುವಿನಲ್ಲಿ. ಗಂಡುಮಗನಿಗೆ ಎಕ್ಸ್ ಬರುವುದು ತಾಯಿಯಿಂದ. ಆದ್ದರಿಂದ "ಅವನ ಅಪ್ಪನ ರಕ್ತ" ಎನ್ನುವ ಹಿರಿಯರು ಈ ಒಂದು ವಿಷಯದಲ್ಲಿಯಾದರೂ ವಿಳಾಸ ತಪ್ಪಿದ್ದಾರೆ! ಇದಕ್ಕಿಂತ ಮಹತ್ತ್ವದ್ದು ನ್ಯೂಜಿಲೆಂಡಿನ ಡನೀಡನ್ ಪಟ್ಟಣದಲ್ಲಿ 1972-73ರಲ್ಲಿ ಹುಟ್ಟಿದ ಮಕ್ಕಳನ್ನು ದಶಕಗಟ್ಟಲೆ ಹಿಂಬಾಲಿಸಿ 2002ರಲ್ಲಿ ಪ್ರಕಟವಾದ ಅಧ್ಯಯನ. ಅದೇ ಕಿಣ್ವ ಕಡಮೆಯಿರುವ ಗಂಡುಮಕ್ಕಳು ಬಾಲ್ಯದಲ್ಲಿ ಹೊಡೆತ ಬಡಿತ, ತಿರಸ್ಕಾರಗಳನ್ನು ಉಂಡಿದ್ದರೆ ಅವರಲ್ಲಿ ಹಿಂಸಾಪ್ರವೃತ್ತಿ ಹೆಚ್ಚು ಕಂಡಿತು. ಅದೇ ವಂಶವಾಹಿಯ ಮಕ್ಕಳು ಅಕ್ಕರೆಯ ಮನೆಗಳಲ್ಲಿ ಬೆಳೆದಿದ್ದರೆ ಇತರರಿಗಿಂತ ಭಿನ್ನರಾಗಿರಲಿಲ್ಲ. ನಂತರದ ಅಧ್ಯಯನಗಳೆಲ್ಲ ಇದನ್ನು ಒಂದೇ ಪ್ರಮಾಣದಲ್ಲಿ ಸಮರ್ಥಿಸಿಲ್ಲವಾದರೂ ಒಟ್ಟಿನ ದಿಕ್ಕು ಅತ್ತಲೇ ಇದೆ. ಆದರೂ ನ್ಯಾಯಾಲಯಗಳಿಗೆ ಈ ವಾದ ಪ್ರವೇಶಿಸಿದೆ. ಇಟಲಿಯ ತ್ರಿಯೆಸ್ತೆಯಲ್ಲಿ 2009ರಲ್ಲಿ ಒಬ್ಬ ಕೊಲೆ ಅಪರಾಧಿಗೆ ವಂಶವಾಹಿಯ ಕಾರಣವನ್ನೂ ಗಣಿಸಿ ಒಂದು ವರ್ಷದ ಶಿಕ್ಷೆಯನ್ನು ಇಳಿಸಿದರು. ವಂಶವಾಹಿಯ ಹೆಸರಿನಲ್ಲಿ ಇಂದು ಶಿಕ್ಷೆ ಇಳಿಸಿದವರು ನಾಳೆ ಅದೇ ಹೆಸರಿನಲ್ಲಿ ತಪ್ಪು ಮಾಡದವನನ್ನೂ ಕಾವಲಿನಲ್ಲಿಡಬಾರದೇಕೆ ಎಂದು ಕೇಳಬಹುದು. 1871ರಲ್ಲಿ ಕೇಳಿದ್ದು ಇದನ್ನೇ ಅಲ್ಲವೇ?

ಕೆಲವು ವರ್ಷಗಳ ಹಿಂದೆ ಚನ್ನರಾಯಪಟ್ಟಣ ತಾಲೂಕಿನ ಒಂದು ಹಳ್ಳಿಯಲ್ಲಿ ಕೆರೆಯ ಏರಿಯ ಬಳಿ ಅರ್ಧ ಹೂತಿದ್ದ ವೀರಗಲ್ಲೊಂದನ್ನು ನೋಡಲು ಹೋಗಿದ್ದೆ. ಅಕ್ಷರಗಳು ಸವೆದಿದ್ದವು. ನೆರವಿಗೆಂದು ಬಂದ ನಾಲ್ವರು ಹುಡುಗರು ಹಿಂದಿನ ದಿನ ಕಬಡ್ಡಿ ಪಂದ್ಯದಲ್ಲಿ ಪಕ್ಕದ ಊರಿನವರೊಡನೆ ಜಗಳವಾಡಿ ಮೈಕೈ ಗಾಯ ಮಾಡಿಕೊಂಡಿದ್ದರು. ಒಬ್ಬನ ಹುಬ್ಬಿನ ಮೇಲೆ ಹೊಸ ಪಟ್ಟಿಯಿತ್ತು. ಅವರೇ ಗುದ್ದಲಿ ಹಿಡಿದು ಮಣ್ಣು ತೆಗೆದು, ನೀರು ತಂದು ತಿಕ್ಕಿ ತೊಳೆದು, ಕಲ್ಲನ್ನು ನೆಟ್ಟಗೆ ನಿಲ್ಲಿಸಿದರು. ಕೆಳಗಣ ಪಟ್ಟಿಕೆಯಲ್ಲಿ ಬಿಲ್ಲು ಹಿಡಿದ ತರುಣ, ಅವನ ಹಿಂದೆ ಮೂರು ಹಸುಗಳು ಕಂಡವು. ಪಟ್ಟಿ ಕಟ್ಟಿದ್ದ ಹುಡುಗ ಬಗ್ಗಿ ನೋಡಿ, "ಇವನು ಯಾರ ಪೈಕಿ ಸ್ವಾಮಿ?" ಎಂದು ಕೇಳಿದ. ಕಲ್ಲಿನಲ್ಲಿ ಅದು ಬರೆದಿಲ್ಲ, ದನ ಬಿಡಿಸಿದನೆಂದಷ್ಟೇ ಕಾಣುತ್ತದೆ ಎಂದೆ.